ಇಪ್ಪತ್ತನಾಲ್ಕು ಮನೆ

ಮನಾಮಾದ ಬ್ಯಾಂಕಿನ ನೆಲಮಾಳಿಗೆಯಲ್ಲಿ
ಆಗಸ್ಟ್ ಎಂಬುದೇ ಇಲ್ಲ. ವರ್ಷಪೂರ್ತಿ ಹದಿನೆಂಟು ಡಿಗ್ರಿ,
ಮೇನ್‌ಫ್ರೇಮಿಗಾಗಿ. ನನಗೆ ಸ್ವೆಟರ್.
ಹೆಸರು ಮೊದಲ ಕಾಲಮಿನಲ್ಲೇ ಶುರುವಾಗಬೇಕು,
ಎಂಟಕ್ಷರ ಮೀರುವಂತಿಲ್ಲ,
ಒಂದು ಜಾಗ ಒಳಸರಿದರೆ ಅದು ಹೆಸರಲ್ಲ, ಆಜ್ಞೆ
ಎಂದು ಕಲಿಸಿದವರು ಒಮ್ದುರ್ಮಾನಿನ ಇದ್ರೀಸ್,
ಕಪ್ಪು ಚಹಾಕ್ಕೆ ಲವಂಗ ಹಾಕಿ ಕುಡಿಯುತ್ತಿದ್ದವರು.

"ಉದ್ದವನ್ನು ಕೈಯಾರೆ ಬರೆಯಬೇಡ, ಐವಿ.
ಹೆಸರನ್ನೇ ಕೇಳು, ನಿನ್ನ ಉದ್ದವೆಷ್ಟು ಎಂದು.
ಕೋಷ್ಟಕ ಮುಗಿದಲ್ಲಿ ಒಂದು ನಕ್ಷತ್ರ ಇಡು.
ನಕ್ಷತ್ರ ಎಂದರೆ ಇಲ್ಲಿ, ಈಗ ನಿಂತ ಜಾಗ.
ಅದರಿಂದ ಹೊರಟ ಜಾಗವನ್ನು ಕಳೆ. ಅಷ್ಟೇ."
ಹೊರಟ ಜಾಗಕ್ಕೆ ಅವರು ಮರಳಿ ಒಂಬತ್ತು ವರ್ಷ.
ಮಾತು ಮಾತ್ರ ಟಿಪ್ಪಣಿಯಾಗಿ ಪ್ರೋಗ್ರಾಮಿನೊಳಗಿದೆ,
ಯಂತ್ರ ಓದದೆ ದಾಟುವ ಸಾಲಿನಲ್ಲಿ.

ಗುರುವಾರ ಕೌಂಟರಿನಿಂದ ಫೋನು:
ನಿಮ್ಮ ಭಾಷೆಯವನಂತೆ, ಒಮ್ಮೆ ಬನ್ನಿ.
ಹಿರೇಕುರುಬರ ಸಣ್ಣಹುಲುಗಪ್ಪ,
ಸಿತ್ರಾದಲ್ಲಿ ಸೆಂಟ್ರಿಂಗ್ ಕೆಲಸ.
ಲಿಂಗಸುಗೂರಿನ ತನ್ನದೇ ಖಾತೆಗೆ ಕಳಿಸಿದ ಡ್ರಾಫ್ಟು
ಎರಡನೇ ಸಲ ವಾಪಸು: ಹೆಸರು ತಾಳೆಯಾಗಿಲ್ಲ.
ಇಂಗ್ಲಿಷಿನಲ್ಲಿ ಎಣಿಸಿದೆ. ನಡುವಿನ ತೆರಪೂ ಸೇರಿ ಇಪ್ಪತ್ತೇಳು.
ನಮ್ಮಲ್ಲಿ ಹೆಸರಿಗೆ ಇಪ್ಪತ್ತನಾಲ್ಕು ಮನೆ.
ಕೊನೆಯ ಮೂರಕ್ಷರ ಕಡಿದು
ಉಳಿದದ್ದು ಹುಲುಗ.
"ಊರಾಗ ಗೌಡ್ರು ಹಿಂಗ ಕರೀತಿದ್ರು," ಅಂದ,
"ನಿಮ್ ಮಿಷನ್ನಿಗೆ ಹೆಂಗ್ ಗೊತ್ತಾತ್ರಿ?"

ವಿಳಾಸ ಬದಲಾಗಿದೆಯೇ ಎಂದು ಕೇಳಿದೆ.
ಗುದೈಬಿಯಾದ ರೂಮು, ಮಂಚ ಒಂದು, ಪಾಳಿ ಮೂರು.
ತಾನು ಮಲಗುವಾಗ ಹಾಸಿಗೆ
ಇನ್ನೊಬ್ಬನ ಬೆನ್ನಿಗೆ ಬೆಚ್ಚಗಿರುತ್ತದಂತೆ.
ನಮ್ಮಲ್ಲೂ ಹಾಗೊಂದು ಘೋಷಣೆಯಿದೆ:
ಸೊನ್ನೆ ಪ್ರತಿ, ಎಂಬತ್ತು ಉದ್ದ.
ಹೆಸರಿದೆ, ಅಳತೆಯಿದೆ,
ಜಾಗ ಮಾತ್ರ ಹಿಡಿಯುವುದಿಲ್ಲ.
ಮುಂದಿನವರು ಅದರ ಮೇಲೆಯೇ ಮಲಗುತ್ತಾರೆ.
ಇದನ್ನು ಅವನಿಗೆ ಹೇಳಲಿಲ್ಲ.

ರಾತ್ರಿ ಇಪ್ಪತ್ತನಾಲ್ಕು ಅಳಿಸಿ ನಲವತ್ತು ಬರೆದೆ.
ಹಿಂದಿದ್ದ ಶಾಖೆ, ಮೊತ್ತ, ತಾರೀಕು
ಹದಿನಾರು ಮನೆ ಆಚೆ ಸರಿದು ಕೂತವು.
ಹಳೆಯ ಟೇಪುಗಳನ್ನು ಹೊಸ ಅಳತೆಗೆ ಸುರಿದೆ.
ಇದ್ರೀಸ್ ಹೇಳಿದಂತೆ ಬರೆದ ಕಡೆಯೆಲ್ಲ
ಹೆಸರೇ ತನ್ನ ಉದ್ದ ಹೇಳಿಕೊಂಡಿತು.
ಮೂರು ಗಂಟೆಗೆ ಪರೀಕ್ಷೆಯ ಡ್ರಾಫ್ಟು ಹೊರಬಂತು:
ಹುಲುಗ.

ಹುಡುಕಿದೆ. ಒಂದೇ ಒಂದು ಸಾಲು,
ಅಲ್ಲಿ ಇಪ್ಪತ್ತನಾಲ್ಕನ್ನು ಯಾರೋ ಕೈಯಾರೆ ಬರೆದಿದ್ದರು.
ಅಂಚಿನಲ್ಲಿ ಐ.ಎಂ. ನನ್ನ ಮೊದಲ ವರ್ಷ,
ರಂಜಾನಿನ ಮುಂಚಿನ ವಾರ. ಅವಸರವಿದ್ದಿರಬೇಕು.
ಅವಸರವಿತ್ತು ಎಂದು ನೆನಪೇನೂ ಇಲ್ಲ.

ಮುಂದಿನ ತಿಂಗಳು ಬಂದ. ಇಂಗ್ಲಿಷು ಓದಲು ಬಾರದು,
ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟ,
ಉಗುರಿನ ಸಂದಿನಲ್ಲಿ ಸಿಮೆಂಟು.
"ಪೂರಾ ಐತೇನ್ರೀ ಮೇಡಂ?"
ಪೂರಾ ಇದೆ, ಅಪ್ಪನೂ ಇದ್ದಾನೆ, ಅಂದೆ.
ಬೆರಳು ಹೆಸರು ದಾಟಿ ಬಿಳಿ ಕಾಗದದ ಮೇಲೆ ಹೋಯಿತು.
"ಇದೇನ್ರಿ ಖಾಲಿ?"
ಹದಿಮೂರು ಮನೆ ಹೆಚ್ಚಿಗೆ ಬಿಟ್ಟಿದ್ದೇನೆ.
"ಇರ್ಲಿ ಬಿಡ್ರಿ," ಅಂದ ಮಡಚುತ್ತ,
"ನನ್ ಮಗನ ಹೆಸರು ಇನ್ನೂ ಉದ್ದ ಐತಿ."