ನಾಲ್ಕನೇ ತಟ್ಟೆ

ಎಣಿಸುವುದು ನನ್ನ ಕೆಲಸ.
ಹಾಸನದ ಈ ಲ್ಯಾಬು, ಎರಡನೇ ಮಹಡಿ,
ಮೈಕ್ರೋಸ್ಕೋಪಿನ ಕೆಳಗೆ ಉಳಿದವೆಷ್ಟು, ಸತ್ತವೆಷ್ಟು.

ನರಕೋಶಗಳಿಗೆ ಮೊದಲು ನಾವೇ ವಿಷ ಹಾಕುತ್ತೇವೆ.
ಒಂದನೇ ತಟ್ಟೆಗೆ ಅಷ್ಟೇ.
ಎರಡಕ್ಕೆ ಬೆಳೆಸುವ ಪ್ರೋಟೀನು ಒಂದು,
ಮೂರಕ್ಕೆ ಇನ್ನೊಂದು,
ನಾಲ್ಕಕ್ಕೆ ಎರಡೂ, ಅರ್ಧರ್ಧ ಅಳತೆ.

ಮಾರನೆ ದಿನ ಒಂದರಲ್ಲಿ
ಎಳೆಗಳೆಲ್ಲ ಹರಿದ ಮಣಿಸರ.
ಎರಡು, ಮೂರರಲ್ಲಿ ಅಲ್ಲೊಂದು ಇಲ್ಲೊಂದು ಜೀವ.
ನಾಲ್ಕರಲ್ಲಿ
(ಮತ್ತೆ ಎಣಿಸಿದೆ, ಮತ್ತೆ)
ಗೋಣಿಯಡಿ ಕತ್ತಲಲ್ಲಿಟ್ಟ ಬಿತ್ತನೆ ಆಲೂಗಡ್ಡೆ
ಕಣ್ಣೊಡೆದ ಹಾಗೆ ಬಿಳಿ ಮೊಳಕೆ,
ಪಕ್ಕದ ಕೋಶವನ್ನು ತಡವುತ್ತ.

ಆಲೂಗಡ್ಡೆ ನೆನಪಾದದ್ದು ಸುಮ್ಮನಲ್ಲ.
ಅವ್ವ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಬೀಜ ಆರಿಸಿದವಳು.
ಕೊಳೆತದ್ದನ್ನು ನೋಡುತ್ತಲೇ ಇರಲಿಲ್ಲ,
ಬೆರಳೇ ಹೇಳುತ್ತಿತ್ತು.
ಅಂಗಮಾರಿ ಬಿದ್ದ ವರ್ಷ ಅವಳದೇ ಮಾತು:
"ಒಂದೇ ಔಸ್ತಿಗೆ ಬಗ್ಗಾಕಿಲ್ಲ ಕಣೆ ಇದು."

ಈಗ ಸಕ್ಕರೆ ಕಾಯಿಲೆ ಬೆರಳ ತುದಿ ತಿಂದಿದೆ.
ಬಿಸಿ ತಪ್ಪಲೆ ಹಿಡಿದು ಹಾಗೇ ನಿಂತಿರುತ್ತಾಳೆ,
ಚರ್ಮದ ವಾಸನೆ ಬರುವವರೆಗೆ.

ರಾತ್ರಿ ತಟ್ಟೆಯ ಸುದ್ದಿ ಹೇಳಿದೆ.
"ಯಾರ ನರವೇ ಅದು?"
ಇಲಿಮರಿದು.
"ಓ, ಅದಕ್ಕಾದ್ರೂ ಆಯ್ತಲ್ಲ."
ನಗು ಅವಳಿಗೆ ಬಂತು. ನನಗಲ್ಲ.

ಫ್ಲೇವಿಯಾ ಮೇಡಂ ಅನ್ನುತ್ತಾರೆ,
ಮೂರು ಸಲ ಬಂದರೆ ಮಾತ್ರ ಬಂದ ಹಾಗೆ.
ರಿಜಿಸ್ಟರಿನಲ್ಲಿ ಬರೆದಿದ್ದೇನೆ: ನಾಲ್ಕನೇ ತಟ್ಟೆ, ಇನ್ನೆರಡು ಸಲ.

ಅವ್ವ ಬುಟ್ಟಿಯಿಂದ ಒಂದು ಗಡ್ಡೆ ತೆಗೆದು
ಒತ್ತಿದಳು, ತಿರುಗಿಸಿ ಒತ್ತಿದಳು,
ಆಮೇಲೆ ನನ್ನ ಕೈಗಿಟ್ಟಳು:
"ಗಟ್ಟಿ ಐತಾ ನೋಡು."

ಒಂದು ಮಗ್ಗುಲು ಮೆತ್ತಗಿತ್ತು.