ಮನೆಪಟ್ಟಿ

ಬೇಸಿಗೆ ರಜೆ ಅನ್ನೋದು ಹೆಸರಿಗೆ.
ಕೊರಳಲ್ಲಿ ಗುರುತಿನ ಚೀಟಿ, ಚೀಲದಲ್ಲಿ ಸೀಮೆಸುಣ್ಣ,
ರಟ್ಟಿಗೆ ಸಿಕ್ಕಿಸಿದ ನಲವತ್ತು ಕಲಮಿನ ನಮೂನೆ.
ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುವ ನಾನು
ಹದಿನೈದು ದಿನ ಶಿಡ್ಲಘಟ್ಟದಲ್ಲಿ ಸರ್ಕಾರದ ಕಣ್ಣು.
ಬಿಸಿಲಿಗೆ ನೀರು ಸುರಿಸುವ ಕಣ್ಣು.

ಛಾವಣಿ ಯಾವುದು? ಹೆಂಚೋ, ಶೀಟೋ, ಆರ್‌ಸಿಸಿಯೋ?
'ನೀನೇ ನೋಡು ತಾಯಿ,' ಅಂದಳು ಮುನಿವೆಂಕಟಮ್ಮ,
'ಅರ್ಧ ಹೆಂಚು, ಕಾಲು ಶೀಟು,
ಮಿಕ್ಕಿದ್ದು ಹೋದ ಎಲೆಕ್ಷನ್ನಿನ ಬ್ಯಾನರು. ಸೋತೋನದು.
ಗೆದ್ದೋನದು ತೆಳ್ಳಗಿತ್ತು, ಒಂದೇ ಮಳೆಗೆ ಹರಿದೋಯ್ತು.'
ತಲೆಯೆತ್ತಿದರೆ
ತಲೆಕೆಳಗಾಗಿ ಕೈಮುಗಿದು ನಗುತ್ತಿದ್ದಾನೆ ಅಭ್ಯರ್ಥಿ,
ಸರಿಯಾಗಿ ಅನ್ನದ ತಪ್ಪಲೆಯ ನೆತ್ತಿಗೆ.
'ಇತರೆ' ಎಂದು ಬರೆದುಕೊಂಡೆ.

ರೀಲರುಗಳ ಬೀದಿ. ಹುಳ ಬೆಂದ ವಾಸನೆ
ಸೀರೆಗೆ ಹತ್ತಿದರೆ ಎರಡು ಒಗೆತ ಬೇಕು.
ಬಿಸಿನೀರಿಂದ ಕೈ ತೆಗೆಯದೆಯೇ ಉತ್ತರ ಹೇಳುತ್ತಾಳೆ ಜಬೀನಾ.
ಬೆರಳ ತುದಿ ಬಿಳಿಚಿ ಸುಕ್ಕಿ, ಗೆರೆಗಳೇ ಇಲ್ಲ.
'ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿದರೆ
ಮಿಷನ್ನು ನನ್ನ ಒಪ್ಪೋದಿಲ್ಲ ಟೀಚರ್.
ನಾನು ನಾನೇ ಅನ್ನೋಕೆ ನಮ್ಮತ್ತೆ ಬರಬೇಕು.
ಅತ್ತೇನ ಮಿಷನ್ನು ಒಪ್ಪುತ್ತೆ. ನಾನು ಒಪ್ಪಲ್ಲ.'
ಇಬ್ಬರೂ ನಕ್ಕೆವು. ಎಳೆ ತುಂಡಾಯಿತು.
'ನಗಿಸಬೇಡಿ,' ಅಂದಳು ತುದಿ ಹುಡುಕುತ್ತ,
'ಚೈನಾದ ದಾರ ನಗಲ್ಲ. ಅದಕ್ಕೇ ಅಗ್ಗ.'

ಕುಡಿಯುವ ನೀರಿನ ಮೂಲ?
ಗಂಗುಲಪ್ಪನವರನ್ನು ಈ ಪ್ರಶ್ನೆ ಕೇಳಬಾರದಿತ್ತು.
'ಸಾವಿರದಿನ್ನೂರು ಅಡಿ ಕೊರೆಸಿದೆ, ಬಂದಿದ್ದು ಧೂಳು.
ಈಗ ಬೆಂಗಳೂರು ಮಿಂದ ನೀರನ್ನ ಸೋಸಿ ಕೆರೆಗೆ ಬಿಡ್ತಾರೆ.
ಬೆಳ್ಳಕ್ಕಿ ಬಂದಿದಾವೆ, ಬೇಡ ಅನ್ನಲ್ಲ.
ಆದರೆ ನಮ್ಮ ಹಸು ನೀರು ಮೂಸಿ, ಆಮೇಲೆ ನನ್ನ ಮುಖ ನೋಡುತ್ತೆ.'
ನೀರಿನಿಂದ ಗ್ಯಾಸಿಗೆ, ಗ್ಯಾಸಿನಿಂದ ಫ್ರೀ ಬಸ್ಸಿಗೆ:
'ಕೈವಾರ ಆಯ್ತು, ಘಾಟಿ ಆಯ್ತು, ನಂದಿ ಆಯ್ತು,
ಈಗ ನೆಂಟರಿಲ್ಲದ ಊರಿಗೂ ಹೊರಡ್ತಾಳೆ ನಮ್ಮಾಕೆ!'
ಒಳಗಿಂದ ದನಿ:
'ನಲವತ್ತು ವರ್ಷ ನೀನು ಬೀಡಿ ಸೇದಿದ ದುಡ್ಡಿಗೆ
ನಾನು ಯಾವತ್ತಾದರೂ ಲೆಕ್ಕ ಕೇಳಿದ್ನಾ?'
ಗಂಗುಲಪ್ಪ ಟವಲು ಕೊಡವಿದರು. ಫೋನು ನೋಡಿದರು.
ಕಲಂ ಇಲ್ಲ ಇದಕ್ಕೆ.
ನಮೂನೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿಕೊಂಡೆ, ಅಳಿಸಿದೆ.

ಹೊಸ ಬಡಾವಣೆ. ಗ್ರಾನೈಟು ಮೆಟ್ಟಿಲು.
ಚಪ್ಪಲಿ ಬಿಡಿ ಅಂದರು. ಬಿಟ್ಟೆ.
ಒಳಗೆ ಬನ್ನಿ ಅನ್ನಲಿಲ್ಲ.
ಸುಡುವ ಕಲ್ಲಿನ ಮೇಲೆ ಕಾಲು ಬದಲಿಸುತ್ತ ಕೇಳಿದೆ:
ಕೋಣೆಗಳೆಷ್ಟು, ಕಾರೆಷ್ಟು, ಯಾವ ಜಾತಿ?
'ಈಗೆಲ್ಲಿದೆ ಮೇಡಂ ಜಾತಿ, ನಮ್ಮ ತಾತನ ಕಾಲಕ್ಕೇ ಹೋಯ್ತು,
ನೀವು ಸರ್ಕಾರದೋರು ಕೇಳಿ ಕೇಳಿ ಉಳಿಸ್ತಿದೀರ.'
ಒಂದು ನಿಮಿಷ ಬಿಟ್ಟು, 'ಅಂದ ಹಾಗೆ, ತಮ್ಮದು ಯಾವ ಕಡೆ?'
ಹೇಳಿದೆ.
ಕೇಳಿದ್ದ ನೀರು ಬಂತು.
ಪೇಪರ್ ಲೋಟದಲ್ಲಿ.

ಸಂಜೆ, ಕೊನೆಗೆ, ನಾನಿರುವ ಮನೆ.
ಗೇಟಿನಲ್ಲೇ ಕಾದಿದ್ದರು ಓನರ್ ಚೌಡರೆಡ್ಡಿ.
ಒಳ್ಳೆಯವರು. ನಾಲ್ಕು ಕಡೆ 'ನೆಂಟರಿಗೆ ಬೇಕಾಗಿದೆ' ಅನ್ನಿಸಿಕೊಂಡ ಮೇಲೆ
ಹೆಚ್ಚು ಕೇಳದೆ ಬೀಗದಕೈ ಕೊಟ್ಟವರು.
'ಬಾಡಿಗೆ ಅಂತ ಹಾಕಬೇಡಮ್ಮ, ಕಂದಾಯ ಏರಿಸ್ತಾರೆ.
ಮೇಲಿಂದು ಗೋಡೌನು ಅಂತ ಬರಿ. ಖಾಲಿ ಗೋಡೌನು.'
ಎಲ್ಲರ ಗೋಡೆಗೂ ನಂಬರು ಬರೆದ ಸೀಮೆಸುಣ್ಣ
ಉಗುರಿನಷ್ಟೇ ಉಳಿದಿತ್ತು.
ಆ ಕಲಮನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿದೆ.

ಅಭ್ಯಾಸಬಲ, ನನ್ನ ಬಾಗಿಲನ್ನೇ ತಟ್ಟಿದೆ.
'ಯಾರು?' ಅಂದಳು ಮಗಳು.
'ಮನೆ ಲೆಕ್ಕದವರು,' ಅಂದೆ ತಮಾಷೆಗೆ, ದನಿ ದಪ್ಪ ಮಾಡಿ.
ಒಳಗೆ ಟಿವಿ ಸಣ್ಣಗಾಯಿತು.
ಚಿಲಕ ತೆಗೆಯದೆ, ಹೇಳಿಕೊಟ್ಟಿದ್ದ ಹಾಗೇ,
'ಮನೇಲಿ ಯಾರೂ ಇಲ್ಲ,' ಅಂದಳು.