ಗದ್ದಲ

ಶಾಲೆಯ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಪಕ್ಕ,
ಸಿಮೆಂಟಿನ ಕಟ್ಟೆ ಕಟ್ಟಿ ಯಂತ್ರ ಕೂರಿಸಿ ಹೋದರು
ಹೈದರಾಬಾದಿನವರು.
ಕೀಲಿಕೈ ನನ್ನ ಬಳಿ: ವಿಜ್ಞಾನದ ಮೇಷ್ಟ್ರು ನಾನೇ ತಾನೆ.

ಚಿಂಚೋಳಿ ಸೀಮೆಯ ಈ ಊರಲ್ಲಿ
ಮಳೆ ನಿಂತ ಮೇಲೆ ನೆಲ ಗುಡುಗುತ್ತದೆ.
ಮೊದಲು ಮಾಡದ ಹಿತ್ತಾಳೆ ಚರಿಗೆ,
ಆಮೇಲೆ ಎದೆ.

ಮಕ್ಕಳಿಗೆ ಹೇಳಿದ್ದೇನೆ, ಹಾಸುಗಲ್ಲು ತೋರಿಸಿ:
ಕೆಳಗೆ ಸುಣ್ಣಗಲ್ಲು, ಸಂದಿಗೆ ಇಳಿವ ನೀರು,
ಸಿಕ್ಕಿಬಿದ್ದ ಗಾಳಿ, ಸರಿವ ಪದರ.
ಆದರೆ ಐದನೇ ಇಯತ್ತೆಯ ಭಾಗ್ಯವಂತಿ
"ಇವತ್ತ ಒಳಗ ಮಲಗಬೇಕೋ ಹೊರಗೋ, ಸರ?" ಅಂದಾಗ
ಸೀಮೆಸುಣ್ಣ ಬೆರಳಲ್ಲೇ ಪುಡಿಯಾಯಿತು.

ಮಠದವರು ಐದು ಸೋಮವಾರ ಅಂದರು.
ಮೂರನೆಯದಕ್ಕೇ ಗೋಡೆ ಸೀಳಿತು.
ಯಾರೂ ಹೋಗಿ ಕೇಳಲಿಲ್ಲ;
ಉಳಿದೆರಡನ್ನೂ ಮಾಡಿ ಮುಗಿಸಿದರು.

ಆ ರಾತ್ರಿ ಮೂರೂ ಹತ್ತಕ್ಕೆ
ಹೊತ್ತಲ್ಲದ ಹೊತ್ತಲ್ಲಿ ಅಜಾನ್ ಕೂಗಿದ ಮಹಿಬೂಬಸಾಬ.
ಊರೆಲ್ಲ ಶಾಲೆಯ ಬಯಲಿಗೆ ಬಂತು,
ಕೌದಿ, ಕೋಳಿ, ಕೂಸು ಸಹಿತ.
ಅಡುಗೆಯ ಜಗದೇವಿ ನೆಲಕ್ಕೆ ಅಂಗೈಯಿಟ್ಟು
ಬೆದರಿದ ಆಕಳಿಗೆ ಹೇಳುವಂತೆ ತಟ್ಟಿ ಹೇಳಿದಳು:
"ನಿಂದ್ರವ್ವಾ, ನಿಂದ್ರ."

ಬೆಳಿಗ್ಗೆ ಫೋನಿನಲ್ಲಿ ಅಧಿಕಾರಿ:
"ಮೊದಲ ಮುಳ್ಳು ಭೂಮಿಯದು, ಎರಡು ಪಾಯಿಂಟ್ ಒಂಬತ್ತು.
ಆಮೇಲೆ ಒಂದು ತಾಸು ಸಣ್ಣ ಸಣ್ಣ ಗೀಚು ಇದೆಯಲ್ಲ,
ಅದು ಗದ್ದಲ. ಜನರ ಓಡಾಟ. ಲೆಕ್ಕಕ್ಕೆ ಬೇಡ."
ಬೇಡ, ಸರಿಯೇ. ತೆಗೆದೆ.

ಆ ಗೀಚಿನಲ್ಲಿ ಎಲ್ಲೋ
ಜಗದೇವಿಯ ಅಂಗೈಯೂ ಇತ್ತು.
ಭೂಮಿಗೆ ಕೇಳಿಸಿತೋ ಇಲ್ಲವೋ
ಯಂತ್ರಕ್ಕೆ ಗೊತ್ತಿಲ್ಲ, ನನಗೂ.
ಭಾಗ್ಯವಂತಿಗೆ ಕೇಳಿಸಿತ್ತು; ನಿದ್ದೆ ಹೋದಳು.

ಅಂದಿನಿಂದ ನನ್ನ ಚಾಪೆಯೂ ಬಯಲಲ್ಲೇ,
ಕೀಲಿಕೈ ದಿಂಬಿನಡಿ.